ಮಾವನ ಎರಡು ನಿಮಿಷ

ನನ್ನ ಹೆಂಡತಿ ಆ ದಿನ ನನಗೆ ವಹಿಸಿದ್ದು ಒಂದೇ ಒಂದು ಕೆಲಸ. ಅವಳ ಅಪ್ಪ ಕುರ್ಚಿಯಿಂದ ಏಳದ ಹಾಗೆ ನೋಡಿಕೊಳ್ಳಬೇಕು.

"ನೀರು ಬೇಕು ಅಂದ್ರೆ ನೀವೇ ತಂದ್ಕೊಡಿ. ಕಾಲು ಜೋಮು ಹಿಡೀತು ಅಂದ್ರೆ ಕೂತಲ್ಲೇ ಅಲ್ಲಾಡಿಸಲಿ. ಬಾತ್‌ರೂಮಿಗೆ ಅಂತ ಎದ್ರೆ ಹಿಂದೇನೇ ಹೋಗಿ," ಎಂದಿದ್ದಳು. ಅವಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು, ಇಲ್ಲದಿದ್ದರೆ ಇಂಥ ಕಾವಲನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನಾನು ಶಾಲೆಯಲ್ಲಿ ಭೂಗೋಳ ಹೇಳಿಕೊಡುವವನು. ನಲವತ್ತು ಮಕ್ಕಳನ್ನು ಮುಕ್ಕಾಲು ಗಂಟೆ ಅಲುಗಾಡದಂತೆ ಕೂರಿಸಬಲ್ಲೆ. ಅರವತ್ತೆಂಟು ದಾಟಿದ ಒಬ್ಬ ಮನುಷ್ಯನನ್ನು ಎರಡು ಗಂಟೆ ಕೂರಿಸುವುದು ಯಾವ ಮಹಾ ಕೆಲಸ ಅಂದುಕೊಂಡೆ.

ನಮ್ಮ ಮಾವನನ್ನು ಬಲ್ಲವರು ಯಾರೂ ಹಾಗೆ ಅಂದುಕೊಳ್ಳುವುದಿಲ್ಲ. ಬಲ್ಲವನಾಗಿಯೂ ಅಂದುಕೊಂಡೆನಲ್ಲ, ಅದಕ್ಕೇ ಮೇಷ್ಟರ ಬುದ್ಧಿ ಅನ್ನುವುದು.

ಮಾವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ಹೊಟ್ಟೆಯಿಂದ ಹಳೆಯ ತಂತಿಯನ್ನು ಕಿತ್ತು ತೆಗೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹೊಯ್ದು ಒಣಗಿಸಿ ಮತ್ತೆ ತಿರುಗುವಂತೆ ಮಾಡುವುದು ಅವರ ಕಸುಬು. ಫ್ಯಾನು, ನೀರಿನ ಪಂಪು, ಹೊಲಿಗೆ ಯಂತ್ರ, ಯಾವುದಾದರೂ ಸರಿ. ಇಬ್ಬರು ಎದುರುಬದುರು ನಿಂತರೆ ಮೂರನೆಯವನು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟಗಲದ ಕೋಣೆ. ಗೋಡೆಯ ಮೊಳೆಗಳಲ್ಲಿ ತಂತಿಯ ಸುರುಳಿಗಳು, ಮೂಲೆಯಲ್ಲಿ ವಾರ್ನಿಷ್ ಒಣಗಿಸಲು ಒಳಗೆಲ್ಲ ಬಲ್ಬು ಸಿಕ್ಕಿಸಿದ ತಗಡಿನ ಪೆಟ್ಟಿಗೆ, ನಡುವೆ ಮಾವನ ಆಕಾರಕ್ಕೇ ತಗ್ಗಿದ ಒಂದು ಸ್ಟೂಲು. ಆ ವಾರ್ನಿಷ್ ವಾಸನೆ ಸಂಜೆ ಅವರಿಗಿಂತ ಎರಡು ಹೆಜ್ಜೆ ಮುಂಚೆಯೇ ಮನೆಯೊಳಗೆ ಬರುತ್ತದೆ.

ಗಿರಾಕಿಗಳು ತಮ್ಮ ಮೋಟಾರಿನ ಕಷ್ಟ ಹೇಳಲು ಬಾಯಿ ತೆರೆದರೆ ಮಾವ ಕೈ ಎತ್ತಿ ತಡೆಯುತ್ತಾರೆ. "ನೀವು ಹೇಳ್ಬೇಡಿ. ಅದೇ ಹೇಳುತ್ತೆ." ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ಬೇರಿಂಗು ಸವೆದಿದ್ದರೆ ಒಂದು ದನಿ, ತಂತಿ ಸಡಿಲವಾಗಿದ್ದರೆ ಇನ್ನೊಂದು. ಅರ್ಧ ನಿಮಿಷದಲ್ಲಿ ತೀರ್ಪು. ಓಣಿಯವರು ಇಟ್ಟ ಹೆಸರು ಕಿವಿ ಡಾಕ್ಟರು. ಊರಿಗೆ ಹೊಸಬರಾದ ಒಬ್ಬ ತಾಯಿ ಕಿವಿನೋವಿನ ಮಗುವನ್ನು ನಿಜವಾಗಿಯೂ ಕರೆದುಕೊಂಡು ಬಂದಿದ್ದರಂತೆ. ಮಾವ ಅವರನ್ನು ದೊಡ್ಡ ರಸ್ತೆಯ ಡಾಕ್ಟರ ಹತ್ತಿರ ತಾವೇ ಕರೆದೊಯ್ದು, ಬರುವಾಗ ಆ ಡಾಕ್ಟರ ಫ್ಯಾನನ್ನು ಬಿಚ್ಚಿ ತಂದರು.

ತೊಂದರೆ ಏನೆಂದರೆ ಆ ಕಿವಿಗೆ ಬಾಗಿಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಮಗಳಿಗೆ ಗಂಡು ನೋಡಲು ನಮ್ಮ ಮನೆಗೆ ಬಂದಾಗ ಅತ್ತೆ ನನ್ನ ಕೆಲಸ, ನನ್ನ ಗುಣ ಎಲ್ಲ ವಿಚಾರಿಸಿದರು. ಮಾವ ಇಡೀ ಹೊತ್ತು ಅಡುಗೆಮನೆಯ ಕಡೆ ತಲೆ ವಾಲಿಸಿ ಕೂತಿದ್ದು, ಹೊರಡುವಾಗ ನಮ್ಮಮ್ಮನಿಗೆ, "ನಿಮ್ಮ ಫ್ರಿಜ್ಜು ಇನ್ನು ಆರು ತಿಂಗಳು," ಎಂದರು. ನಮ್ಮಮ್ಮ ಮುಖ ಸಿಂಡರಿಸಿಕೊಂಡಳು. ಆರನೇ ತಿಂಗಳಲ್ಲಿ ಫ್ರಿಜ್ಜು ಕೈಕೊಟ್ಟಿತು. ಅಂದಿನಿಂದ ಬೀಗರ ಮಾತು ಅಂದರೆ ನಮ್ಮಮ್ಮನಿಗೆ ವೇದವಾಕ್ಯ.

ಈ ಕಿವಿಯಿಂದ ಹೆಚ್ಚು ಅನುಭವಿಸಿದವರು ಅತ್ತೆ. ಅವರು ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಅಲ್ಲಿನ ಒಂದು ಪುಟ್ಟ ರೇಡಿಯೋದಲ್ಲಿ ಆಗಷ್ಟೇ ಹೆಸರು ಮಾಡುತ್ತಿದ್ದ ಒಬ್ಬ ರಾಕ್ ಗಾಯಕನ ಹಾಡುಗಳು ಬರುತ್ತಿದ್ದವು. ಉಳಿದವರಿಗೆ ಅವನು ಕಿರುಚುವವನು. ಅತ್ತೆಗೆ ಮಾತ್ರ ಅವನು 'ನಮ್ಮ ಹುಡುಗ'. ಈಗ ಅವನಿಗೆ ಎಪ್ಪತ್ತನಾಲ್ಕು, ಈಗಲೂ ನಮ್ಮ ಹುಡುಗನೇ. ಕೊನೆಯ ಬಸ್ಸು ತಪ್ಪಿಸಿಕೊಂಡವನೊಬ್ಬ ನಡೆದೇ ಮನೆಗೆ ಹೋಗುವ ಹಾಡೊಂದಿದೆ ಅವನದು. ಅತ್ತೆ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಗುನುಗುವುದು ಅದನ್ನೇ. ಮನೆಯಲ್ಲಿ ಅದಕ್ಕೆ 'ಅಮ್ಮನ ಹಾಡು' ಅಂತಲೇ ಹೆಸರು.

ಎಕ್ಸ್‌ಚೇಂಜಿನ ಫ್ಯಾನು ಕೆಟ್ಟಾಗ ರಿಪೇರಿಗೆ ಬಂದ ಮಾವ ಫ್ಯಾನಿನ ಜೊತೆಗೆ ಈ ಗುನುಗನ್ನೂ ಕೇಳಿಸಿಕೊಂಡರು. ಆಮೇಲೆ ಆ ಫ್ಯಾನು ತಿಂಗಳಿಗೆರಡು ಸಲ ಕೆಡತೊಡಗಿತು. ಮದುವೆಯಾದ ಮೇಲೆ ಒಮ್ಮೆಯೂ ಕೆಡಲಿಲ್ಲ.

ಮದುವೆಯಾದ ವರ್ಷವೇ ಆ ಗಾಯಕ ಈ ಊರಿಗೆ ಬಂದ. ಆಟದ ಮೈದಾನದಲ್ಲಿ, ಬೇಸಿಗೆಯ ಒಂದು ಸಂಜೆ, ಬಯಲಲ್ಲೇ ಹಾಡು. ಅತ್ತೆ ಎರಡು ಟಿಕೆಟು ತಂದರು, ಹೊಸ ಬಟ್ಟೆ ಹೊಲಿಸಿಕೊಂಡರು. ಗಂಡ ಹೆಂಡತಿ ನಡೆದು ಹೊರಟಿದ್ದಾರೆ. ಹಿಟ್ಟಿನ ಗಿರಣಿಯ ಮುಂದೆ ಮಾವನ ಕಾಲು ನಿಂತಿತು. ಒಳಗಿನ ಮೋಟಾರು ನರಳುತ್ತಿತ್ತು. "ಎರಡು ನಿಮಿಷ," ಎಂದು ಒಳಗೆ ಹೋದರು.

ಮೂರು ಗಂಟೆ ಕಳೆಯಿತು. ಅತ್ತೆ ಗಿರಣಿಯ ಹೊರಗಿನ ಕಲ್ಲಿನ ಮೇಲೆ ಕೂತಿದ್ದರು. ಮೈದಾನ ತಲುಪಿದಾಗ ಎದುರಿಗೆ ಜನ ಅಮ್ಮನ ಹಾಡನ್ನು ಗುನುಗುತ್ತ ಮನೆಗೆ ವಾಪಸಾಗುತ್ತಿದ್ದರು. ಅತ್ತೆ ಜಗಳವಾಡಲಿಲ್ಲ. "ಹಿಟ್ಟು ನುಣ್ಣಗೆ ಬೀಳ್ತಿದ್ಯಾ ಈಗ?" ಎಂದು ಕೇಳಿದರು, ಅಷ್ಟೇ. ಜಗಳವಾಡಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ಆಡದೆ ಇದ್ದದ್ದರಿಂದ ಮೂವತ್ತನಾಲ್ಕು ವರ್ಷ ಉಳಿದುಬಂತು. ಆ ಮನೆಯಲ್ಲಿ 'ಎರಡು ನಿಮಿಷ' ಅಂದರೆ 'ಯಾವತ್ತೂ ಇಲ್ಲ' ಎಂದರ್ಥ. ನನ್ನ ಹೆಂಡತಿ ಚಿಕ್ಕವಳಾಗಿದ್ದಾಗ ಸೈಕಲ್ಲು ಕೇಳಿದರೆ ಅತ್ತೆ, "ಅಪ್ಪ ಎರಡು ನಿಮಿಷದಲ್ಲಿ ಕೊಡಿಸ್ತಾರೆ," ಅನ್ನುತ್ತಿದ್ದರಂತೆ.

ಈ ಬೇಸಿಗೆಯಲ್ಲಿ ಅದೇ ಗಾಯಕ ಅದೇ ಮೈದಾನಕ್ಕೆ ಬರುತ್ತಾನೆಂದು ಗೊತ್ತಾಯಿತು. ಇದೇ ತನ್ನ ಕೊನೆಯ ತಿರುಗಾಟ, ಆಮೇಲೆ ಗಿಟಾರು ಮೊಳೆಗೆ, ಎಂದು ಅವನೇ ಹೇಳಿದ್ದ. ನನ್ನ ಹೆಂಡತಿ ಮೂರು ಟಿಕೆಟು ತಂದು ಊಟದ ಮೇಜಿನ ಮೇಲಿಟ್ಟಳು. ಮಾವ ಅವನ್ನು ನೋಡಿದರು, ಅತ್ತೆಯನ್ನು ನೋಡಿದರು, ತುತ್ತು ನುಂಗಿದರು.

"ತಲೆ ಮೇಲೆ ತಲೆ ಬಿದ್ರೂ ಈ ಸಲ ಎದ್ದೇಳಲ್ಲ."

"ಎರಡು ನಿಮಿಷಕ್ಕೂ?" ಎಂದರು ಅತ್ತೆ.

"ಎರಡು ನಿಮಿಷಕ್ಕೂ ಇಲ್ಲ. ನಿನ್ನಾಣೆ."

ಹೊರಡುವ ಮುಂಚೆ ಅತ್ತೆ ಅವರ ಜೇಬು ತಪಾಸಣೆ ಮಾಡಿದರು. ಒಂದು ಟೆಸ್ಟರು, ಉಪ್ಪುಕಾಗದದ ಚೂರು, ಒಂದು ಅಡಿಯಷ್ಟು ತಾಮ್ರದ ತಂತಿ ಹೊರಬಂದವು. ಸ್ಕ್ರೂಡ್ರೈವರನ್ನು ಹಿಂದಿನ ದಿನವೇ ಬೀರುವಿನಲ್ಲಿಟ್ಟು ಬೀಗ ಹಾಕಿಯಾಗಿತ್ತು. ಬಿಸಿಲಿಗೆ ಇರಲಿ ಎಂದು ಉದ್ದ ಕಡ್ಡಿಯ ಹಳೆಯ ಕೊಡೆ ಹಿಡಿದುಕೊಂಡು ನಾವು ಹೊರಟೆವು. ಗಿರಣಿ ಇದ್ದ ಜಾಗದಲ್ಲಿ ಈಗ ಬಟ್ಟೆಯಂಗಡಿ. ಮಾವ ಅದರ ಮುಂದೆಯೂ ತಲೆ ತಗ್ಗಿಸಿಕೊಂಡೇ ನಡೆದರು.

ಮೈದಾನದಲ್ಲಿ ಬಿಸಿಲು ಇನ್ನೂ ಬಾಗಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳು ಕಾದಿದ್ದವು. ಅತ್ತೆ ಮಾವನ ಹಾಗೆ ತಲೆ ನೆರೆತವರು, ಅವರ ಮೊಮ್ಮಕ್ಕಳು, ಮೂವತ್ತು ವರ್ಷ ಹಿಂದಿನ ಬಿಗಿಯಾದ ಅಂಗಿ ಹಟದಿಂದ ಹಾಕಿಕೊಂಡು ಬಂದ ಹೊಟ್ಟೆವಂತರು. ನಮ್ಮ ಜಾಗ ಎಡಗಡೆಯ ಕೊನೆಯಲ್ಲಿತ್ತು. ನಾನು ಅಂಚಿನ ಕುರ್ಚಿಯಲ್ಲಿ ಕೂತೆ, ಮಾವ ನಡುವೆ, ಆ ಕಡೆ ಅತ್ತೆ. ಬಲೆಗೆ ಬಿದ್ದ ಹಕ್ಕಿ ಇನ್ನೆಲ್ಲಿಗೆ ಹೋದೀತು ಎಂದು ನಾನು ಕಾಲು ಚಾಚಿದೆ.

ಗಾಯಕ ಬಂದ. ಟೋಪಿ, ತೆಳ್ಳನೆಯ ಕಾಲು, ಮೆಟ್ಟಿಲು ಹತ್ತುವಾಗ ಮೊಣಕಾಲಿಗೆ ಕೈ. ಗಿಟಾರು ಹೆಗಲಿಗೇರಿದ್ದೇ ತಡ, ಆ ಮೊಣಕಾಲು ಎಲ್ಲಿ ಹೋಯಿತೋ. ಮೊದಲ ಹಾಡಿಗೇ ನನ್ನ ಎದೆಗೂಡು ಅದುರಿತು. ನನಗೆ ರಾಕ್ ಸಂಗೀತದ ಗಂಧವಿಲ್ಲ, ಆದರೂ ಎರಡನೇ ಹಾಡಿನ ಹೊತ್ತಿಗೆ ನನ್ನ ಕಾಲು ನನ್ನನ್ನು ಕೇಳದೆ ತಾಳ ಹಾಕುತ್ತಿತ್ತು. ಅತ್ತೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ ಕ್ಲಾಸಿಗೆ ಬಂದ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲಿಲ್ಲ.

ಮೂರನೇ ಹಾಡಿನಲ್ಲಿ ಮಾವನ ತಲೆ ಎಡಕ್ಕೆ ವಾಲಿತು.

ವೇದಿಕೆಯ ಪಕ್ಕದ ಕ್ಯಾನ್ವಾಸ್ ಪರದೆಯ ಹಿಂದೆ ಡೀಸೆಲ್ ಜನರೇಟರ್ ಓಡುತ್ತಿತ್ತು. ನನಗೆ ಕೇಳಿಸುತ್ತಿದ್ದುದು ಬರೀ ಗುಡುಗುಡು. ಮಾವ ಥಟ್ಟನೆ ತಲೆ ನೆಟ್ಟಗೆ ಮಾಡಿ, ಕಣ್ಣನ್ನು ಗಾಯಕನ ಮೇಲೆ ನೆಟ್ಟರು. ನಾಲ್ಕನೇ ಹಾಡಿಗೆ ಅವರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು, ಎರಡು ಕೈಯೂ ಕುರ್ಚಿಯ ಅಂಚನ್ನು ಹಿಡಿದಿದ್ದವು.

"ಏನಾಯ್ತು ಮಾವ?"

"ಏನಿಲ್ಲ ಅಳಿಯಂದಿರೇ. ಹಾಡು ಕೇಳಿ."

ಐದನೇ ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಮಾವನೂ ತಟ್ಟಿದರು, ಆದರೆ ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದರು. ಮುಳ್ಳಿನ ಮೇಲೆ ಕೂತ ಮನುಷ್ಯ. ಆಣೆ ಮಾಡಿದ್ದಾರೆ, ಏಳುವ ಹಾಗಿಲ್ಲ. ನನಗೆ ನಿಜವಾಗಿಯೂ ಪಾಪ ಅನಿಸಿತು.

ಆಗ ಅತ್ತೆ, ವೇದಿಕೆಯಿಂದ ಕಣ್ಣು ಕೀಳದೆ, ಮೆಲ್ಲಗೆ ಕೇಳಿದರು. "ಬೆಲ್ಟಾ? ಬೇರಿಂಗಾ?"

ಮಾವ ಬಾಯಿ ತೆರೆದು ಹೆಂಡತಿಯನ್ನೇ ನೋಡಿದರು. "ನಿಂಗೆ ಕೇಳಿಸ್ತಾ?"

"ಮೂವತ್ತೈದು ವರ್ಷ ನಿಮ್ಮ ಜೊತೆ ಕಿವಿ ಮುಚ್ಕೊಂಡು ಬಾಳ್ವೆ ಮಾಡಿದ್ನಾ? ಎರಡನೇ ಹಾಡಿಂದ ಕೀಚಲು ದನಿ ಬರ್ತಿದೆ. ಹೇಳಿ."

"ಬೆಲ್ಟು. ಫ್ಯಾನ್ ಬೆಲ್ಟು ಜಾರ್ತಿದೆ. ಎಂಜಿನ್ನಿಗೆ ಗಾಳಿ ಸಾಲ್ದು, ಕಾದು ನಿಂತೋಗುತ್ತೆ. ನಿಂತ್ರೆ ಇವತ್ತಿಗೆ ಮತ್ತೆ ಏಳಲ್ಲ."

"ಎಷ್ಟು ಹೊತ್ತು ತಡೀಬಹುದು?"

"ಮೂರು ಹಾಡು. ಬಹಳ ಅಂದ್ರೆ ನಾಲ್ಕು."

"ನನ್ನ ಹಾಡನ್ನ ಅವನು ಕೊನೇಲೇ ಹಾಡೋದು." ಅತ್ತೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದರು. "ಏಳಿ ಮತ್ತೆ. ಹೋದ ಸಲ ಹೊರಗೆ ಕಲ್ಲಿನ ಮೇಲೆ ಕೂತು ಕಾದೆ. ಈ ಸಲ ನಾನೂ ಒಳಗೇ ಬರ್ತೀನಿ."

ಮಾವ ನನ್ನ ಕಡೆ ನೋಡಿದರು. ಅವರ ಮಗಳು ನನಗೆ ಕೊಟ್ಟ ಕೆಲಸ ಅವರಿಗೂ ಗೊತ್ತಿತ್ತು. ನಾನು ಎದ್ದು ದಾರಿ ಬಿಟ್ಟೆ, ಕೊಡೆಯನ್ನೂ ಎತ್ತಿಕೊಂಡೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂದರೆ ಇದೇ.

ಪರದೆಯ ಹಿಂದೆ ಜನರೇಟರಿನ ಆಪರೇಟರ್ ಕುರ್ಚಿಯಲ್ಲಿ ಒರಗಿ ಕೂತಿದ್ದ. ನಡುವಯಸ್ಸಿನ ಮನುಷ್ಯ, ಎರಡು ಕಿವಿಗೂ ಹತ್ತಿ. ಇಡೀ ಮೈದಾನದಲ್ಲಿ ಆ ಯಂತ್ರದ ದನಿ ಕೇಳಬೇಕಾದವನು ಅವನೊಬ್ಬ, ಅವನೇ ಕಿವಿ ಮುಚ್ಚಿಕೊಂಡಿದ್ದ. ಮಾವ ನನ್ನ ಕೈಯಿಂದ ಕೊಡೆ ಕಿತ್ತುಕೊಂಡು ಅದರ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಆಪರೇಟರ್ ಹೌಹಾರಿ ಎದ್ದ. ಜನರೇಟರಿನ ಮೇಲೆ ಕೊಡೆಯಿಟ್ಟು ಧ್ಯಾನ ಮಾಡುವ ಮುದುಕನನ್ನು ಅವನು ಎಲ್ಲೂ ನೋಡಿರಲಿಕ್ಕಿಲ್ಲ.

"ಯಾರ್ರೀ ನೀವು? ಇಲ್ಲಿಗೆ ಬರೋ ಹಾಗಿಲ್ಲ."

ಮಾವ ಅವನ ಕಿವಿಯ ಹತ್ತಿ ತೆಗೆಯಲು ಸನ್ನೆ ಮಾಡಿ, ಶಾಖ ತೋರಿಸುವ ಮೀಟರಿನ ಗಾಜನ್ನು ಬೆರಳಲ್ಲಿ ಕುಟ್ಟಿದರು. ನಡುವೆ ಸಿಕ್ಕಿಕೊಂಡಿದ್ದ ಮುಳ್ಳು ಒಮ್ಮೆಲೇ ಜಿಗಿದು ಕೆಂಪು ಗೆರೆಯ ಅಂಚಿಗೆ ಬಂದು ನಿಂತಿತು. ಆಪರೇಟರ್ ಎರಡೂ ಕಿವಿಯ ಹತ್ತಿ ಕಿತ್ತು ಬಿಸಾಡಿದ. ಅವನು ಓಡಿಹೋಗಿ ವ್ಯವಸ್ಥಾಪಕಿಯನ್ನು ಕರೆತಂದ. ಕೈಯಲ್ಲಿ ವಾಕಿಟಾಕಿ ಹಿಡಿದ, ಬೆಳಗ್ಗೆಯಿಂದ ಕೂರದಂತೆ ಕಾಣುತ್ತಿದ್ದ ಹೆಂಗಸು.

"ನಿಲ್ಲಿಸ್ಬೇಕಾ? ಶೋ ಮಧ್ಯದಲ್ಲಾ? ಜನ ನನ್ನನ್ನ ಹುರಿದು ತಿಂತಾರೆ!"

"ಈಗ ನಿಲ್ಲಿಸಿದ್ರೆ ಹತ್ತು ನಿಮಿಷ," ಎಂದರು ಮಾವ. "ಅದು ತಾನಾಗೇ ನಿಂತ್ರೆ ಜನ ಮನೆಗೆ ಹೋಗೋದೇ."

"ಇವರ ಮಾತನ್ನ ಹೇಗೆ ನಂಬೋದು?" ಎಂದು ಆಕೆ ಯಾರನ್ನೂ ನೋಡದೆ ಕೇಳಿದರು.

"ಟೈಮಿನ ವಿಷಯ ನಂಬಬೇಡಿ," ಎಂದರು ಅತ್ತೆ. "ಮೋಟಾರಿನ ವಿಷಯ ನಂಬಿ."

ಆ ಹಾಡು ಮುಗಿದ ಕೂಡಲೆ ಎಂಜಿನ್ನು ನಿಂತಿತು. ಸ್ಪೀಕರುಗಳು ಸತ್ತವು. ಮೈದಾನದಲ್ಲಿ ಸಿಳ್ಳೆ, ಕೂಗು ಎದ್ದವು. ಮಾವನಿಗೆ ಅದ್ಯಾವುದೂ ಇಲ್ಲ. ಬೆಲ್ಟಿನ ಮೇಲಿನ ಜಾಲರಿಯ ಕವರನ್ನು ಬಿಚ್ಚಿ, ಅದರ ನಾಲ್ಕು ನಟ್ಟುಗಳನ್ನು ಹಿಂದೆ ನೋಡದೆ ಕೈ ಚಾಚಿ ಕೊಟ್ಟರು. ಅತ್ತೆಯ ಅಂಗೈ ಆಗಲೇ ಅಲ್ಲಿತ್ತು. ಆಪರೇಟರನ ಪೆಟ್ಟಿಗೆಯಲ್ಲಿ ಒಂದು ಸ್ಪ್ಯಾನರ್ ಬಿಟ್ಟರೆ ಉಳಿದದ್ದು ಹಳೆಯ ಪೇಪರು. ಬೆಲ್ಟನ್ನು ಮೀಟಿ ಬಿಗಿಯಲು ಏನಾದರೂ ಬೇಕು ಎಂದರು ಮಾವ. ನಾನು ಆ ಕಡೆ ಈ ಕಡೆ ಹುಡುಕಿ, ಮಿಕ್ಕಿಬಿದ್ದಿದ್ದ ಟೆಂಟಿನ ಕಬ್ಬಿಣದ ಗೂಟ ತಂದುಕೊಟ್ಟೆ. ಅದನ್ನು ಒಳಗೆ ತೂರಿಸಿ ಮೀಟಿದರು, ಬೆಲ್ಟು ಬಿಗಿಯಾಯಿತು. "ಹಿಡ್ಕೊಳ್ಳಿ, ಬಿಡ್ಬೇಡಿ," ಎಂದರು. ಭೂಗೋಳದ ಮೇಷ್ಟರು ಎರಡೂ ಕೈಯಲ್ಲಿ ಗೂಟ ಹಿಡಿದು ನಿಂತರು.

ಆಗಲೇ ಗಿಟಾರಿನ ದನಿ ಕೇಳಿದ್ದು. ಕರೆಂಟು ಬೇಡದ, ಬರೀ ಮರದ ಗಿಟಾರು.

ಪರದೆಯ ಸೀಳಿನಲ್ಲಿ ಇಣುಕಿದೆ. ಮುದುಕ ಗಾಯಕ ವೇದಿಕೆಯ ಅಂಚಿಗೆ ಬಂದು, ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ನಮಗೆ ಕಾಣುತ್ತಿದ್ದುದು ಅವನ ಬೆವರಿನಲ್ಲಿ ತೊಯ್ದ ಬೆನ್ನು ಮಾತ್ರ. ಮೈಕಿಲ್ಲ, ಡ್ರಮ್ಮಿಲ್ಲ. ಬರೀ ಗಂಟಲಲ್ಲಿ ಹಾಡತೊಡಗಿದ. ಸಿಳ್ಳೆ ಹೊಡೆಯುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಕರೆಂಟಿಲ್ಲದೆ ಹಾಡಬಹುದಾದ ಹಾಡು ಅವನ ಹತ್ತಿರ ಇದ್ದದ್ದು ಒಂದೇ. ಕೊನೆಗೆ ಎತ್ತಿಟ್ಟಿದ್ದನ್ನು ಈಗಲೇ ಎತ್ತಿಕೊಂಡಿದ್ದ.

ಅಮ್ಮನ ಹಾಡು.

ಅತ್ತೆ ನಿಂತಲ್ಲೇ ಸೀಳಿನ ಕಡೆ ತಿರುಗಿದರು. ಅವರ ಮುಷ್ಟಿ ಬಿಗಿಯಾಯಿತು, ನಟ್ಟುಗಳು ಒಳಗೆ ಕಿಣಿಗುಟ್ಟಿದವು. ಎಪ್ಪತ್ತನಾಲ್ಕರ ದನಿ ಅಲ್ಲಲ್ಲಿ ಒಡೆಯುತ್ತಿತ್ತು. ಹಾಡಿನ ಮನುಷ್ಯ ಬಸ್ಸು ತಪ್ಪಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಮನೆ ಕಡೆ ನಡೆಯುತ್ತಿದ್ದ.

ಮಾವ ಸ್ಪ್ಯಾನರಿನಲ್ಲಿ ಬೋಲ್ಟನ್ನು ಬಿಗಿ ಮಾಡಿದರು. ನನ್ನ ಕೈಯಿಂದ ಗೂಟ ತೆಗೆದರು. ಕವರನ್ನು ಕೂರಿಸಿ ಅತ್ತೆಯ ಕಡೆ ಕೈ ಚಾಚಿದರು. ಅತ್ತೆ ಗಾಯಕನಿಂದ ಕಣ್ಣು ತೆಗೆಯದೆ ಒಂದು ನಟ್ಟು ಕೊಟ್ಟರು, ಎರಡು ಕೊಟ್ಟರು, ಮೂರು ಕೊಟ್ಟರು. ಹಾಡು ಇನ್ನೂ ಅರ್ಧ ದಾರಿಯಲ್ಲಿತ್ತು. ಒಂದು ನಟ್ಟು ಉಳಿದಿತ್ತು.

ಮಾವ ನಾಲ್ಕನೆಯದಕ್ಕೆ ಕೈ ಚಾಚಲಿಲ್ಲ. ಮೊದಲನೆಯ ನಟ್ಟಿಗೆ ಮತ್ತೆ ಸ್ಪ್ಯಾನರ್ ಹಾಕಿದರು. ಅದು ಅಲ್ಲಾಡುವಂತಿರಲಿಲ್ಲ. ಯಾವ ಯಂತ್ರವನ್ನೂ ಒಂದು ಕ್ಷಣ ಸುಮ್ಮನೆ ನಿಲ್ಲಲು ಬಿಡದ ಮನುಷ್ಯ ಬಿಗಿಯಾದ ನಟ್ಟನ್ನೇ ಬಿಗಿ ಮಾಡುತ್ತ ಕೂತರು. ನನಗೆ ಮೋಟಾರು ಗೊತ್ತಿಲ್ಲದಿದ್ದರೂ ಅದು ಗೊತ್ತಾಯಿತು.

ಆಪರೇಟರ್ ಬಗ್ಗಿ ಪಿಸುಗುಟ್ಟಿದ. "ಆಯ್ತಲ್ವಾ ಯಜಮಾನ್ರೇ? ಒಂದು ನಟ್ಟು ಇಲ್ದಿದ್ರೂ ನಡೆಯುತ್ತೆ. ಸ್ಟಾರ್ಟ್ ಮಾಡ್ಲಾ?"

ಮಾವ ಹೆಂಡತಿಯ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ ಹೇಳಿದರು.

"ಎರಡು ನಿಮಿಷ."

ಅತ್ತೆ ತಿರುಗಲಿಲ್ಲ. ಆದರೆ ಅವರ ಕಣ್ಣು ತುಂಬಿ ಬಂತು, ತುಟಿಯಲ್ಲಿ ನಗುವೂ ಬಂತು. ಖಾಲಿಯಿದ್ದ ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, ಗ್ರೀಸು ಮೆತ್ತಿದ ಮಾವನ ಹೆಗಲ ಮೇಲೆ ಇಟ್ಟರು. ಮಾವ ಸ್ಪ್ಯಾನರನ್ನು ನೆಲದ ಮೇಲಿಟ್ಟರು. ಮದುವೆಯಾದ ಮೇಲೆ ಮೊದಲ ಸಲವೋ ಏನೋ, ಅವರು ಯಾವ ದೋಷವನ್ನೂ ಹುಡುಕದೆ ಏನನ್ನೋ ಕೇಳುತ್ತಿದ್ದರು.

ಹಾಡಿನ ಮನುಷ್ಯ ಮನೆ ತಲುಪಿದ. ಮೈದಾನ ಕೂಗಿ ಎದ್ದಿತು. ಅತ್ತೆ ಮೂಗು ಒರೆಸಿಕೊಂಡು, ಮುಷ್ಟಿ ಬಿಚ್ಚಿ, ಬೆವರಲ್ಲಿ ಒದ್ದೆಯಾದ ನಟ್ಟನ್ನು ಮಾವನ ಅಂಗೈಯಲ್ಲಿ ಇಟ್ಟರು.

"ತಗೊಳ್ಳಿ. ಈಗ ಹಾಕಿ."